ಹತ್ತು ಹೇಂಟೆಗೆ ಒಂದೇ ಹುಂಜ ಸಾಕು

ಕಾವಿಗೆ ಕೂರಿಸಿದ ಹನ್ನೆರಡು ಮೊಟ್ಟೆಯಲ್ಲಿ ಹತ್ತು ಮರಿಯಾದರೆ ಮನೆಯವರಿಗೆಲ್ಲ ಖುಷಿ. ಎರಡು ತಿಂಗಳು ಕಳೆಯಲಿ, ಅದರಲ್ಲಿ ಐದಾರರ ಜುಟ್ಟು ಕೆಂಪೇರತೊಡಗುತ್ತದೆ. ಮೂರು ತಿಂಗಳ ಹೊತ್ತಿಗೆ ಬೆನ್ನಿನ ಕೆಳಗೆ ಚೂಪು ತುದಿಯ ಹೊಳೆಯುವ ಗರಿ ಇಳಿಬಿದ್ದಿರುತ್ತದೆ. ನಾಲ್ಕನೇ ತಿಂಗಳಿಗೆ ಎಲ್ಲವೂ ಕೂಗುತ್ತವೆ. ಹಿತ್ತಲಲ್ಲಿ ನಾಟಿ ಕೋಳಿ ಸಾಕುವವರಿಗೆ ತಲೆನೋವು ಶುರುವಾಗುವುದು ಇಲ್ಲಿಂದ.

ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳೇ. ಮನುಷ್ಯರಲ್ಲಿ ಗಂಡೋ ಹೆಣ್ಣೋ ಎಂಬುದು ಅಪ್ಪನ ಕಡೆಯಿಂದ ತೀರ್ಮಾನವಾದರೆ, ಕೋಳಿಯಲ್ಲಿ ಅಮ್ಮನ ಕಡೆಯಿಂದ. ಹೇಂಟೆಯಲ್ಲಿ ಝಡ್ ಮತ್ತು ಡಬ್ಲ್ಯೂ ಎಂಬ ಎರಡು ಬೇರೆ ಬೇರೆ ಕ್ರೋಮೋಸೋಮ್ ಇವೆ. ಹುಂಜದಲ್ಲಿ ಎರಡೂ ಝಡ್. ಹೇಂಟೆಯಿಂದ ಝಡ್ ಬಂದರೆ ಹುಂಜ, ಡಬ್ಲ್ಯೂ ಬಂದರೆ ಹೇಂಟೆ. ಉದ್ದ ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಅಂತ ಹೇಳುವುದನ್ನು ನೀವೂ ಕೇಳಿರಬಹುದು. ಅದನ್ನು ನಂಬಿ ಮೊಟ್ಟೆ ಆರಿಸಬೇಡಿ. ಮೊಟ್ಟೆಯ ಹಳದಿ ಭಾಗ, ಅಂದರೆ ಭಂಡಾರ, ಅಂಡಾಶಯದಿಂದ ಬಿಡುವ ಮೊದಲೇ ಲಿಂಗ ತೀರ್ಮಾನವಾಗಿರುತ್ತದೆ. ಚಿಪ್ಪು ಕಟ್ಟುವುದು, ಆಕಾರ ಬರುವುದು ಎಲ್ಲ ಆಮೇಲಿನ ಕೆಲಸ.

ಹಾಗಾದರೆ ಎಷ್ಟು ಹುಂಜ ಬೇಕು? ಬರೀ ಮೊಟ್ಟೆ ತಿನ್ನುವುದಾದರೆ ಒಂದೂ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಮರಿ ಮಾಡಿಸಬೇಕೆಂದರೆ ಎಂಟು ಹತ್ತು ಹೇಂಟೆಗೆ ಒಂದು ಸಾಕು. ಇದಕ್ಕೆ ಕಾರಣ ಹೇಂಟೆಯ ದೇಹದೊಳಗೇ ಇದೆ. ಮೊಟ್ಟೆ ಬರುವ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ಒಮ್ಮೆ ಹುಂಜ ಕೂಡಿದರೆ ಅದರ ವೀರ್ಯಾಣುಗಳು ಆ ಕೊಳವೆಗಳಲ್ಲಿ ಹತ್ತಿರ ಹತ್ತಿರ ಎರಡು ವಾರ ಜೀವಂತ ಉಳಿಯುತ್ತವೆ. ದಿನಕ್ಕಿಷ್ಟು ಅಂತ ಹೊರಬಂದು ಹೊಸ ಭಂಡಾರಗಳನ್ನು ಫಲಗೊಳಿಸುತ್ತವೆ. ಮೂರು ನಾಲ್ಕು ಹುಂಜ ಇಟ್ಟ ಮಾತ್ರಕ್ಕೆ ಮರಿ ಜಾಸ್ತಿ ಆಗುವುದಿಲ್ಲ.

ಜಾಸ್ತಿ ಆಗುವುದು ಹೇಂಟೆಯ ಕಷ್ಟ. ನಿಮ್ಮ ಹೇಂಟೆಯೊಂದನ್ನು ಹಿಡಿದು ಬೆನ್ನು ನೋಡಿ. ಹುಂಜ ಮೆಟ್ಟುವಾಗ ಕೊಕ್ಕಿನಿಂದ ಕತ್ತಿನ ಹಿಂದಿನ ಗರಿ ಕಚ್ಚಿ, ಎರಡೂ ಕಾಲನ್ನು ಬೆನ್ನ ಮೇಲಿಟ್ಟು ಉಗುರು ಊರುತ್ತದೆ. ಒಂದೇ ಹುಂಜವಿದ್ದರೆ ಗರಿ ಸ್ವಲ್ಪ ಕೆದರಿರುತ್ತದೆ, ಅಷ್ಟೇ. ನಾಲ್ಕು ಹುಂಜ ಅಟ್ಟಿಸಿಕೊಂಡು ಹೋಗುವ ಹೇಂಟೆಗೆ ಕತ್ತಿನ ಹಿಂದೆ ಬೋಳಾಗಿರುತ್ತದೆ. ಬೆನ್ನ ಮೇಲೆ ಮುರಿದ ಗರಿಯ ಬುಡಗಳು ಮಾತ್ರ ಉಳಿದಿರುತ್ತವೆ. ರೆಕ್ಕೆ ಎತ್ತಿದರೆ ಪಕ್ಕೆಯಲ್ಲಿ ಉಗುರು ಸೀಳಿದ ಗಾಯ ಸಿಕ್ಕರೂ ಸಿಗಬಹುದು. ಅಂಥ ಹೇಂಟೆ ಗೂಡು ಬಿಟ್ಟು ಹೊರಗೆ ಬರಲು ಹೆದರುತ್ತದೆ, ಮೇವು ತಿನ್ನುವುದು ಕಡಿಮೆಯಾಗುತ್ತದೆ, ಮೊಟ್ಟೆಯೂ ಇಳಿಯುತ್ತದೆ. ಇದು ಹಿಂಸೆ. ನೋಡಿಯೂ ಸುಮ್ನೆ ಇರುವುದು ಸರಿಯಲ್ಲ.

ಹೇಂಟೆಯೂ ತನ್ನ ಕೈಲಾದಷ್ಟು ಎದುರಿಸುತ್ತದೆ. ಒಲ್ಲದ ಕೆಳದರ್ಜೆಯ ಹುಂಜ ಬಲವಂತ ಮಾಡಿದರೆ, ಅದರ ವೀರ್ಯವನ್ನು ಹೇಂಟೆ ಎಷ್ಟೋ ಸಲ ಕೂಡಲೇ ಹೊರಕ್ಕೆ ತಳ್ಳುತ್ತದೆ ಅಂತ ವಿಜ್ಞಾನಿಗಳಾದ ಟೊಮಾಸೊ ಪಿಜ್ಜಾರಿ ಮತ್ತು ಟಿಮ್ ಬರ್ಕ್‌ಹೆಡ್ 2000ದಲ್ಲಿ ತೋರಿಸಿಕೊಟ್ಟರು.

ಹುಂಜಗಳ ನಡುವೆ ಮೇಲು ಕೀಳು ಎಷ್ಟು ಗಟ್ಟಿ ಅನ್ನುವುದಕ್ಕೆ ಬೆಳಗಿನ ಕೂಗೇ ಸಾಕ್ಷಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಕಾಶಿ ಯೊಶಿಮುರಾ ಮತ್ತು ತ್ಸುಯೋಶಿ ಶಿಮ್ಮುರಾ 2013ರಲ್ಲಿ ಒಂದು ವಿಷಯ ಕಂಡುಕೊಂಡರು. ದಿನವಿಡೀ ಮಂದ ಬೆಳಕಿನಲ್ಲೇ ಇಟ್ಟರೂ ಹುಂಜ ಬೆಳಗಿನ ಹೊತ್ತಿಗೆ ಕೂಗುತ್ತದೆ. ಗಡಿಯಾರ ಅದರ ದೇಹದೊಳಗೇ ಇದೆ. 2015ರಲ್ಲಿ ಅವರ ತಂಡ ಇನ್ನೂ ಸೊಗಸಾದ ಸಂಗತಿ ಹೇಳಿತು. ಹಿಂಡಿನಲ್ಲಿ ಮೊದಲು ಕೂಗುವುದು ಯಜಮಾನ ಹುಂಜ. ಉಳಿದವು ತಮ್ಮ ತಮ್ಮ ದರ್ಜೆಯಂತೆ ಒಂದರ ಹಿಂದೆ ಒಂದು ಕೂಗುತ್ತವೆ. ಯಜಮಾನನನ್ನು ಹೊರಗೆ ತೆಗೆದರೆ ಎರಡನೆಯದು ಮೊದಲು ಕೂಗಲು ಶುರುಮಾಡುತ್ತದೆ. ನಿಮ್ಮ ಹಿತ್ತಲಲ್ಲೂ ಇದನ್ನು ಗಮನಿಸಬಹುದು. ಹಾಸಿಗೆಯಲ್ಲಿ ಮಲಗಿಕೊಂಡೇ ಯಾವುದು ಯಜಮಾನ ಅಂತ ಗೊತ್ತಾಗುತ್ತದೆ.

ಈಗ ಯಾವುದನ್ನು ಉಳಿಸಿಕೊಳ್ಳಬೇಕು? ನಮ್ಮಲ್ಲಿ ಯುಗಾದಿ ಮಾರನೇ ದಿನದ ಹೊಸತೊಡಕಿಗೆ ದಪ್ಪನೆಯ ಹುಂಜಕ್ಕೆ ಒಳ್ಳೆ ರೇಟು. ಹಾಗಾಗಿ ಚೆನ್ನಾಗಿ ಬೆಳೆದದ್ದು ಮೊದಲು ಹೋಗುತ್ತದೆ, ಬಡಕಲು ಉಳಿದು ಮುಂದಿನ ಮರಿಗಳಿಗೆ ಅಪ್ಪನಾಗುತ್ತದೆ. ನನ್ನ ಪ್ರಕಾರ ಮೊದಲು ಉಳಿಸಿಕೊಳ್ಳುವ ಒಂದನ್ನು ಆರಿಸಿ, ಆಮೇಲೆ ಮಾರಬೇಕು. ತೂಕ ಒಂದೇ ನೋಡಬೇಡಿ. ಹುಳ ಸಿಕ್ಕಾಗ ತಾನು ನುಂಗದೆ ಕುಕ್ ಕುಕ್ ಅಂತ ಹೇಂಟೆಗಳನ್ನು ಕರೆಯುತ್ತದಾ? ಮೇಲೆ ಗಿಡುಗ ಬಂದಾಗ ಕೂಗಿ ಎಚ್ಚರಿಸುತ್ತದಾ? ಮಕ್ಕಳ ಮೇಲೆ ಎಗರದೆ ಇರುತ್ತದಾ? ಅದೇ ಒಳ್ಳೆಯ ಹುಂಜ.

ಉಳಿದವನ್ನು ನಾಲ್ಕನೇ ತಿಂಗಳಿಗೇ ಬೇರೆ ಮಾಡಿ. ಒಟ್ಟಿಗೆ ಬೆಳೆದ ಹುಂಜಗಳು ಹೇಂಟೆ ಕಣ್ಣಿಗೆ ಬೀಳದ ಕಡೆ ಇದ್ದರೆ ಕಾದಾಡುವುದು ತುಂಬ ಕಡಿಮೆ. ಜಾಗ ಅಗಲವಿರಲಿ, ಮೇವಿನ ತಟ್ಟೆ ಎರಡು ಮೂರು ಕಡೆ ಇರಲಿ. ದೀಪಾವಳಿ ಆಸುಪಾಸಿನಲ್ಲಿ ಕಾವಿಗೆ ಕೂರಿಸಿದರೆ ಹುಂಜಗಳು ಹೊಸತೊಡಕಿನ ಹೊತ್ತಿಗೆ ಮಾರುವಷ್ಟು ಬೆಳೆದಿರುತ್ತವೆ. ಆದರೆ ಕೋಳಿ ಅಂಕಕ್ಕೆ ಮಾತ್ರ ಕೊಡಬೇಡಿ. ಕಾದಾಟಕ್ಕೆ ಪ್ರಾಣಿಗಳನ್ನು ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಒಂದೇ ಹುಂಜ ಇಡುವುದರಲ್ಲೂ ಒಂದು ತೊಡಕಿದೆ. ಎಲ್ಲ ಮರಿಗೂ ಅಪ್ಪ ಒಬ್ಬನೇ. ತಳಿಶಾಸ್ತ್ರದ ಲೆಕ್ಕದಲ್ಲಿ ಒಂದು ಹುಂಜ, ಹತ್ತು ಹೇಂಟೆಯ ಹಿಂಡು ವಂಶ ವೈವಿಧ್ಯ ಉಳಿಸಿಕೊಳ್ಳುವುದರಲ್ಲಿ ಗಂಡು ಹೆಣ್ಣು ಸಮನಾಗಿರುವ ನಾಲ್ಕು ಹಕ್ಕಿಯ ಹಿಂಡಿಗೂ ಕಡಿಮೆ. ಹೇಂಟೆ ಐವತ್ತಾದರೂ ಆ ಲೆಕ್ಕ ನಾಲ್ಕು ದಾಟುವುದಿಲ್ಲ. ಅದೇ ಹುಂಜ ತನ್ನ ಮಕ್ಕಳು ಮೊಮ್ಮಕ್ಕಳ ಜೊತೆ ಕೂಡುತ್ತಾ ಹೋದರೆ ಮರಿಗಳು ಸೊರಗುತ್ತವೆ, ಮೊಟ್ಟೆಯೊಳಗೇ ಸಾಯುವುದು ಹೆಚ್ಚುತ್ತದೆ. ಇದಕ್ಕೆ ಮದ್ದು ಹುಂಜ ಬದಲಿಸುವುದು. ಹೊಸ ಮರಿಗಳು ಮೊಟ್ಟೆಗೆ ಬರುವ ಮುಂಚೆ ದೂರದ ಊರಿನ ನೆಂಟರಿಗೋ ಸ್ನೇಹಿತರಿಗೋ ನಿಮ್ಮದನ್ನು ಕೊಟ್ಟು ಅವರದ್ದನ್ನು ತನ್ನಿ. ತಂದದ್ದನ್ನು ನೇರ ಹಿಂಡಿಗೆ ಬಿಡಬೇಡಿ. ಎರಡು ಮೂರು ವಾರ ಬೇರೆ ಗೂಡಲ್ಲಿಟ್ಟು, ನೀರು ಮೇವಿನ ಪಾತ್ರೆಯನ್ನೂ ಬೇರೆ ಇಡಿ. ಕೊಕ್ಕರೆ ರೋಗ (ರಾಣಿಖೇತ್) ಹೊಕ್ಕರೆ ಹಿಂಡಿಗೆ ಹಿಂಡೇ ಹೋಗುತ್ತದೆ. ಅದರ ಲಸಿಕೆಯನ್ನು ಹಳೆಯ ಕೋಳಿಗಳಿಗೂ ಬಂದ ಹುಂಜಕ್ಕೂ ಹಾಕಿಸಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಯಾವಾಗ ಹಾಕಿಸಬೇಕೆಂದು ಹೇಳುತ್ತಾರೆ.