ಉಪ್ಪುನೀರಲ್ಲಿ ತಿಂಗಳು ನಿಂತ ಪಾರ್ಕು

ಅಮೆರಿಕದ ನ್ಯೂ ಓರ್ಲಿಯನ್ಸ್ ನಗರದ ಪೂರ್ವ ಭಾಗದಲ್ಲಿ, ಹೆದ್ದಾರಿಗಳು ಕೂಡುವ ಜಾಗದ ಹತ್ತಿರ, ವರ್ಷಗಟ್ಟಲೆ ಒಂದು ಬೋರ್ಡು ನಿಂತಿತ್ತು. ‘ಚಂಡಮಾರುತದ ಕಾರಣ ಮುಚ್ಚಿದೆ’ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಕತ್ರಿನಾ ಚಂಡಮಾರುತ ಬರುತ್ತಿದ್ದಾಗ, 2005ರ ಆಗಸ್ಟ್ ಕೊನೆಯ ಒಂದು ವಾರಾಂತ್ಯಕ್ಕೆ ಹಾಕಿದ ಬೋರ್ಡು ಅದು. ಹಿಂದಿದ್ದ ಅಮ್ಯೂಸ್‌ಮೆಂಟ್ ಪಾರ್ಕು ಮತ್ತೆ ಯಾವತ್ತೂ ತೆರೆಯಲಿಲ್ಲ.

ಈ ಪಾರ್ಕಿನ ಫೋಟೋಗಳನ್ನು ನೀವೂ ನೋಡಿರಬಹುದು. ಹುಲ್ಲು ಬೆಳೆದ ರೋಲರ್ ಕೋಸ್ಟರ್, ತುಕ್ಕು ಹಿಡಿದ ಜಯಂಟ್ ವೀಲ್. ನೋಡಿದವರು ಸಾಮಾನ್ಯವಾಗಿ ‘ಕತ್ರಿನಾ ಎಷ್ಟು ಜೋರಾಗಿ ಬೀಸಿತ್ತಪ್ಪಾ’ ಅಂದುಕೊಳ್ಳುತ್ತಾರೆ. ಆದರೆ ಆ ಫೋಟೋಗಳನ್ನು ಇನ್ನೊಮ್ಮೆ ನೋಡಿ. ಕೋಸ್ಟರ್ ನಿಂತೇ ಇದೆ. ಜಯಂಟ್ ವೀಲ್ ಕೂಡ ನೆಟ್ಟಗೆ ನಿಂತಿದೆ. ಗಾಳಿ ಅವುಗಳನ್ನು ಕೆಡವಲಿಲ್ಲ. ಪಾರ್ಕು ಸತ್ತದ್ದು ಆಮೇಲೆ, ನಿಂತ ನೀರಿನಲ್ಲಿ.

ಪಾರ್ಕು ಶುರುವಾದದ್ದು 2000ರ ಮೇ ತಿಂಗಳಲ್ಲಿ. ಆಗ ಅದರ ಹೆಸರು ‘ಜಾಝ್‌ಲ್ಯಾಂಡ್’. ಸುಮಾರು 140 ಎಕರೆ ಜಾಗ. ಅದಕ್ಕೂ ಮೊದಲು ಊರಿನವರಿಗೆ ‘ಪಾಂಚಟ್ರೇನ್ ಬೀಚ್’ ಎಂಬ ಹಳೆಯ ಪಾರ್ಕು ಇತ್ತು. 1983ರಲ್ಲಿ ಅದು ಮುಚ್ಚಿತು. ಅಲ್ಲಿದ್ದ ಝೆಫಿರ್ ಎಂಬ ಮರದ ರೋಲರ್ ಕೋಸ್ಟರ್ ಮೇಲೆ ಜನರಿಗೆ ಬಹಳ ಪ್ರೀತಿ. ಅದರ ನೆನಪಿನಲ್ಲೇ ಹೊಸ ಪಾರ್ಕಿನವರು ‘ಮೆಗಾ ಝೆಫ್’ ಕಟ್ಟಿದರು. ಹಳಿ ಮರದ್ದು, ಅದನ್ನು ಹೊತ್ತ ಚೌಕಟ್ಟು ಮಾತ್ರ ಉಕ್ಕಿನದು. ಮರದ ಚೌಕಟ್ಟಾದರೆ ಗೆದ್ದಲು ತಿನ್ನುತ್ತದೆ, ಚಂಡಮಾರುತಕ್ಕೂ ತಡೆಯುವುದು ಕಷ್ಟ ಎಂಬ ಲೆಕ್ಕಾಚಾರ. ಅದು ಸರಿಯಾದ ಲೆಕ್ಕಾಚಾರವೇ. ಎರಡನೇ ಮಹಾಯುದ್ಧದ ನಂತರ ಏಷ್ಯಾದಿಂದ ಹಿಂತಿರುಗಿದ ಮಿಲಿಟರಿ ಸರಕಿನ ಜೊತೆ ಬಂದ ಫಾರ್ಮೋಸಾ ಗೆದ್ದಲು ನ್ಯೂ ಓರ್ಲಿಯನ್ಸ್‌ನ ಮರದ ಮನೆಗಳನ್ನು ಇಂದಿಗೂ ಕಾಡುತ್ತಿದೆ.

ಪಾರ್ಕಿನ ಕಂಪನಿ 2002ರಲ್ಲಿ ದಿವಾಳಿಯಾಯಿತು. ಇಂಥ ಪಾರ್ಕುಗಳನ್ನೇ ನಡೆಸುವ ಸಿಕ್ಸ್ ಫ್ಲ್ಯಾಗ್ಸ್ ಕಂಪನಿ 75 ವರ್ಷದ ಗುತ್ತಿಗೆಗೆ ಜಾಗವನ್ನು ತೆಗೆದುಕೊಂಡಿತು. 2003ರಲ್ಲಿ ಪಾರ್ಕು ‘ಸಿಕ್ಸ್ ಫ್ಲ್ಯಾಗ್ಸ್ ನ್ಯೂ ಓರ್ಲಿಯನ್ಸ್’ ಆಯಿತು. ಹೊಸ ಹೆಸರಿನಲ್ಲಿ ಅದು ನಡೆದದ್ದು ಮೂರು ಸೀಸನ್ ಕೂಡ ಪೂರ್ತಿಯಾಗಿ ಅಲ್ಲ.

ಗಾಳಿಯ ವಿಷಯ ಬೇಗ ಮುಗಿಸಿಬಿಡುತ್ತೇನೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಗೋಡೆಯ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆಗಸ್ಟ್ 29ರ ಬೆಳಿಗ್ಗೆ ಕತ್ರಿನಾ ಲೂಸಿಯಾನಾದ ಬ್ಯೂರಾಸ್ ಹತ್ತಿರ ನೆಲ ಮುಟ್ಟಿದಾಗ ಅದರ ಗಾಳಿಯ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್ ಇತ್ತು. ನಗರದ ಮೇಲೆ ಬೀಸಿದ ಗಾಳಿ ಅದಕ್ಕಿಂತ ಕಡಿಮೆ. ಅದೂ ಅಲ್ಲದೆ, ರೋಲರ್ ಕೋಸ್ಟರ್ ಅಂದರೆ ಗೋಡೆಯಲ್ಲ. ಕಂಬ, ಅಡ್ಡಪಟ್ಟಿ, ನಡುವೆ ಖಾಲಿ ಜಾಗ. ಗಾಳಿ ಅದರೊಳಗಿಂದ ಹಾದು ಹೋಗುತ್ತದೆ. ನೂರಾರು ಕೆಜಿ ತೂಕದ ಬಂಡಿಗಳು ತಿರುವಿನಲ್ಲಿ ಪಕ್ಕಕ್ಕೆ ಎಳೆಯುವ ಬಲವನ್ನು ದಿನವೂ ತಡೆಯಲು ಕಟ್ಟಿದ ಚೌಕಟ್ಟು ಅದು. ಒಂದು ಬೆಳಗಿನ ಗಾಳಿಗೆ ಬೀಳುವಂಥದ್ದಲ್ಲ.

ನೀರಿನ ಕಥೆಗೆ ಬರೋಣ. ಅದಕ್ಕೆ ಮೊದಲು ಆ ನೆಲದ ಬಗ್ಗೆ ಸ್ವಲ್ಪ ತಿಳಿಯಬೇಕು.

ನ್ಯೂ ಓರ್ಲಿಯನ್ಸ್‌ನ ಪೂರ್ವ ಭಾಗ ಮೊದಲು ಜೌಗು. ಕೊಳೆತ ಗಿಡಗಂಟಿಗಳು ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದ ಮೆತ್ತನೆಯ ಕಪ್ಪು ಮಣ್ಣು. ನೀರಿನೊಳಗೆ ಇರುವವರೆಗೆ ಆ ಮಣ್ಣಿಗೆ ಗಾಳಿ ತಾಗುವುದಿಲ್ಲ. ಹಾಗಾಗಿ ಪೂರ್ತಿ ಕೊಳೆಯುವುದೂ ಇಲ್ಲ. ಇಪ್ಪತ್ತನೇ ಶತಮಾನದಲ್ಲಿ ಕಾಲುವೆ ತೋಡಿ, ಪಂಪು ಹಚ್ಚಿ, ನೀರನ್ನು ಹೊರಗೆ ಹಾಕಿದರು. ಮಣ್ಣು ಒಣಗಿತು, ಕುಗ್ಗಿತು. ಗಾಳಿ ಒಳಗೆ ಹೋಯಿತು. ಸೂಕ್ಷ್ಮಜೀವಿಗಳು ಆ ಹಳೆಯ ಗಿಡಗಂಟಿಗಳನ್ನು ತಿಂದು ಕಾರ್ಬನ್ ಡೈಆಕ್ಸೈಡ್ ಮಾಡಿದವು. ಅಂದರೆ ಕಾಲ ಕೆಳಗಿನ ನೆಲ ನಿಜವಾಗಿಯೂ ಗಾಳಿಯಾಗಿ ಹೋಯಿತು. ನೆಲ ತಗ್ಗಿದಷ್ಟೂ ನೀರು ಜಾಸ್ತಿ ಬರುತ್ತದೆ. ಆಗ ಇನ್ನಷ್ಟು ಪಂಪು ಮಾಡಬೇಕು. ಪಂಪು ಮಾಡಿದಷ್ಟೂ ನೆಲ ಇನ್ನಷ್ಟು ತಗ್ಗುತ್ತದೆ. ಈಗ ನಗರದ ಅರ್ಧದಷ್ಟು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ.

ಇಂಥ ತಗ್ಗಿನಲ್ಲಿ ಪಾರ್ಕು ಕಟ್ಟಿದರು. ಸುತ್ತಲೂ ಸುಮಾರು 6 ಅಡಿ ಎತ್ತರದ ಮಣ್ಣಿನ ಏರಿ ಹಾಕಿದರು. ಒಳಗೆ ಬಿದ್ದ ಮಳೆನೀರನ್ನು ಹೊರಹಾಕಲು ಪಂಪುಗಳನ್ನು ಇಟ್ಟರು. ನೆರೆ ಹೊರಗೇ ಉಳಿಯಲಿ ಎಂಬ ಉದ್ದೇಶ.

ಚಂಡಮಾರುತ ಸಮುದ್ರದ ನೀರನ್ನು ತನ್ನ ಮುಂದೆ ತಳ್ಳಿಕೊಂಡು ಬರುತ್ತದೆ. ತೀರ ಆಳವಿಲ್ಲದಿದ್ದರೆ ಆ ನೀರಿಗೆ ಕೆಳಗೆ ಹೋಗಲು ಜಾಗವಿಲ್ಲ. ಅದು ಮೇಲಕ್ಕೆ ಏರಿ ಒಳನಾಡಿಗೆ ನುಗ್ಗುತ್ತದೆ. ಕತ್ರಿನಾದಲ್ಲಿ ಪಕ್ಕದ ಮಿಸಿಸಿಪ್ಪಿ ರಾಜ್ಯದ ತೀರದಲ್ಲಿ ನೀರು 27 ಅಡಿಗೂ ಮೇಲೆ ಏರಿತ್ತು. ನ್ಯೂ ಓರ್ಲಿಯನ್ಸ್‌ನ ಪೂರ್ವಕ್ಕೆ ಬೋರ್ನ್ ಸರೋವರ, ಉತ್ತರಕ್ಕೆ ಪಾಂಚಟ್ರೇನ್ ಸರೋವರ. ಎರಡಕ್ಕೂ ಸಮುದ್ರದ ಸಂಪರ್ಕ ಇದೆ, ಎರಡರದ್ದೂ ಸವಳು ನೀರು. ಹಡಗುಗಳಿಗಾಗಿ ತೋಡಿದ ದೊಡ್ಡ ಕಾಲುವೆಗಳ ದಂಡೆಗಳು ಉಕ್ಕಿದ ನೀರಿಗೆ ಕೊಚ್ಚಿ ಹೋದವು. ನಗರದ ನೂರಕ್ಕೆ 80ರಷ್ಟು ಭಾಗ ಮುಳುಗಿತು. ಕತ್ರಿನಾದಿಂದ ಸತ್ತವರು 1,300ಕ್ಕೂ ಹೆಚ್ಚು. ಇಷ್ಟು ಜೀವ ಹೋದ ಜಾಗದಲ್ಲಿ ಒಂದು ಆಟದ ಪಾರ್ಕಿನ ಬಗ್ಗೆ ಮಾತಾಡುವಾಗ ಈ ಸಂಖ್ಯೆಯನ್ನು ಮರೆಯಬಾರದು.

ನೀರು ಪಾರ್ಕಿನ ಏರಿಯನ್ನೂ ದಾಟಿತು. ಪಂಪುಗಳು ಕೆಟ್ಟು ನಿಂತವು. ಆಮೇಲೆ ಸುತ್ತಲಿನ ನೀರು ಇಳಿಯಿತು, ಪಾರ್ಕಿನೊಳಗಿನದು ಇಳಿಯಲಿಲ್ಲ. ಏರಿಗೆ ಒಳಗು ಹೊರಗು ಅಂತ ಇಲ್ಲ, ಎರಡೂ ಕಡೆಯ ನೀರನ್ನು ಅದು ಒಂದೇ ರೀತಿ ತಡೆಯುತ್ತದೆ. ಪಾರ್ಕು ಏರಿ ಕಟ್ಟಿದ ಕೆರೆಯ ಹಾಗೆ ತುಂಬಿ ನಿಂತಿತು, ತೂಬೊಂದೇ ಇರಲಿಲ್ಲ. 4ರಿಂದ 7 ಅಡಿ ಸವಳು ನೀರು ಒಂದು ತಿಂಗಳಿಗೂ ಹೆಚ್ಚು ಕಾಲ ಅಲ್ಲೇ ಇತ್ತು.

ಕಬ್ಬಿಣ ತುಕ್ಕು ಹಿಡಿಯುವುದು ಒಂದು ವಿದ್ಯುತ್ ಕ್ರಿಯೆ. ಲೋಹದ ಒಂದು ಜಾಗದಲ್ಲಿ ಕಬ್ಬಿಣದ ಪರಮಾಣು ಎಲೆಕ್ಟ್ರಾನುಗಳನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಜಾಗಕ್ಕೆ ಹೋಗುತ್ತವೆ. ಅಲ್ಲಿ ನೀರಿನಲ್ಲಿ ಕರಗಿದ ಆಕ್ಸಿಜನ್ ಅವುಗಳನ್ನು ಹಿಡಿದುಕೊಳ್ಳುತ್ತದೆ. ಈ ಸರ್ಕ್ಯೂಟ್ ಪೂರ್ತಿಯಾಗಬೇಕಾದರೆ ನೀರಿನಲ್ಲೂ ವಿದ್ಯುತ್ ಹರಿಯಬೇಕು. ಶುದ್ಧ ನೀರಿನಲ್ಲಿ ಅದು ಸುಲಭವಾಗಿ ಹರಿಯುವುದಿಲ್ಲ. ಉಪ್ಪುನೀರಿನಲ್ಲಿ ಚೆನ್ನಾಗಿ ಹರಿಯುತ್ತದೆ. ಹೀಗಾಗಿ ಅದೇ ಕಬ್ಬಿಣ ಮಳೆನೀರಿನಲ್ಲಿ ನಿಧಾನವಾಗಿ, ಸಮುದ್ರದ ನೀರಿನಲ್ಲಿ ಬೇಗ ಹಾಳಾಗುತ್ತದೆ.

ಉಪ್ಪಿನಲ್ಲಿರುವ ಕ್ಲೋರೈಡ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಇರುತ್ತದೆ. ಆ ಲೋಹಗಳನ್ನು ಕಾಯುವುದೇ ಆ ಪೊರೆ. ಕ್ಲೋರೈಡ್ ಅದನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಮೇಲಿಂದ ನೋಡಿದರೆ ಸೂಜಿಮೊನೆಯಷ್ಟು ಚುಕ್ಕೆ, ಒಳಗೆ ಆಳದ ಗುಂಡಿ. ಬೋಲ್ಟಿನ ಕೆಳಗೆ, ವಾಷರ್ ಸಂದಿಯಲ್ಲಿ, ಬೆಸುಗೆಯ ಅಂಚಿನಲ್ಲಿ ಇದು ಇನ್ನೂ ಜೋರು. ಅಲ್ಲಿ ನೀರು ಹರಿದು ಹೋಗದೆ ನಿಲ್ಲುತ್ತದೆ, ಆಮ್ಲವಾಗುತ್ತಾ ಹೋಗುತ್ತದೆ.

ನೀರಿನ ಮೇಲ್ಮೈ ಲೋಹವನ್ನು ಮುಟ್ಟುವ ಗೆರೆಯೂ ಅಪಾಯದ್ದೇ. ಆ ಗೆರೆಯಲ್ಲಿ ಆಕ್ಸಿಜನ್ ಧಾರಾಳ, ಉಪ್ಪೂ ಧಾರಾಳ. ಪಾರ್ಕಿನಲ್ಲಿ ನೀರು ನಿಧಾನಕ್ಕೆ ಇಳಿದಂತೆ ಈ ಗೆರೆಯೂ ಕಂಬಗಳ ಮೇಲೆ ಇಂಚಿಂಚಾಗಿ ಇಳಿಯಿತು.

ನೀರು ಹೋದ ಮೇಲೆ ತುಕ್ಕು ನಿಲ್ಲಬೇಕಲ್ವಾ? ನಿಲ್ಲುವುದಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಗಾಳಿಯ ತೇವಾಂಶ ಸುಮಾರು ನೂರಕ್ಕೆ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗುತ್ತದೆ. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಅಷ್ಟು ತೇವವೂ ಬೇಡ. ನ್ಯೂ ಓರ್ಲಿಯನ್ಸ್‌ನ ಬೆಳಗಿನ ಗಾಳಿ ಬಹುತೇಕ ದಿನ ಆ ಮಟ್ಟವನ್ನು ದಾಟಿರುತ್ತದೆ. ಹಾಗಾಗಿ ನೆರೆ ಮುಗಿದ ಮೇಲೂ ಸಂದಿಯಲ್ಲಿ ಕೂತ ಉಪ್ಪು ಪ್ರತಿದಿನ ಬೆಳಿಗ್ಗೆ ಒದ್ದೆಯಾಗಿ ತನ್ನ ಕೆಲಸವನ್ನು ಮುಂದುವರಿಸುತ್ತದೆ. ಕರಾವಳಿಯಲ್ಲಿ ಮನೆ ಕಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೇಬಲ್ಲುಗಳ ಪಾಡು ಇನ್ನೂ ಕಷ್ಟ. ಎಳೆಎಳೆಯಾದ ತಾಮ್ರದ ತಂತಿಯ ತುದಿಯಲ್ಲಿ ನೀರು ಸಿಕ್ಕರೆ ಅದು ಪ್ಲಾಸ್ಟಿಕ್ ಹೊದಿಕೆಯೊಳಗೇ ಅಡಿಗಟ್ಟಲೆ ಒಳಗೆ ಹೋಗುತ್ತದೆ. ಹೊರಗಿಂದ ಒಣಗಿಸಲು ಆಗುವುದಿಲ್ಲ. ಮೋಟರುಗಳ ಸುರುಳಿ, ಬ್ರೇಕಿನ ವಾಲ್ವು, ಬೇರಿಂಗು, ಬಂಡಿ ಎಲ್ಲಿದೆ ಎಂದು ಹೇಳುವ ಸೆನ್ಸರು, ಎಲ್ಲವನ್ನೂ ನಡೆಸುವ ಕಂಟ್ರೋಲ್ ಪ್ಯಾನೆಲ್ಲು: ಒಂದು ರೈಡಿನ ಬೆಲೆಬಾಳುವ ಭಾಗಗಳು ಹೆಚ್ಚಾಗಿ ನೆಲದ ಹತ್ತಿರವೇ ಇರುತ್ತವೆ. ನಿರ್ವಹಣೆಗೆ ಅದೇ ಅನುಕೂಲ.

ಬರಿಗಣ್ಣಿಗೆ ಚೆನ್ನಾಗಿಯೇ ಕಾಣುವ ಚೌಕಟ್ಟನ್ನು ಯಾಕೆ ಬಳಸಬಾರದು ಎಂದು ಕೇಳಬಹುದು. ರೋಲರ್ ಕೋಸ್ಟರ್ ಕಟ್ಟಡದ ಹಾಗೆ ಸುಮ್ನೆ ಭಾರ ಹೊತ್ತು ನಿಂತಿರುವುದಿಲ್ಲ. ಪ್ರತಿ ಬಂಡಿ ಹೋದಾಗಲೂ ಒಂದೊಂದು ಬೆಸುಗೆಯೂ ಬಾಗಿ ಮತ್ತೆ ನೆಟ್ಟಗಾಗುತ್ತದೆ, ವರ್ಷಕ್ಕೆ ಸಾವಿರಾರು ಸಲ. ಲೋಹ ದಣಿಯುತ್ತದೆ. ಬಿರುಕು ಹುಟ್ಟಲು ಅದಕ್ಕೊಂದು ದುರ್ಬಲ ಜಾಗ ಬೇಕು. ಕ್ಲೋರೈಡ್ ತೋಡಿದ ಆ ಸಣ್ಣ ಗುಂಡಿ ಸರಿಯಾಗಿ ಅದನ್ನೇ ಒದಗಿಸುತ್ತದೆ. ಅಲ್ಟ್ರಾಸೌಂಡ್‌ನಿಂದ ಇಂಥ ಬಿರುಕುಗಳನ್ನು ಹುಡುಕಬಹುದು. ಆದರೆ ಮುಳುಗಿದ ಪ್ರತಿ ಕೀಲನ್ನೂ ಹಾಗೆ ನೋಡುವ ಖರ್ಚು ಕೆಲವೊಮ್ಮೆ ಹೊಸ ರೈಡಿನ ಖರ್ಚಿಗೇ ಹತ್ತಿರವಾಗುತ್ತದೆ. ಮಕ್ಕಳನ್ನು ಕೂರಿಸುವ ಯಂತ್ರ ಅದು. ಅನುಮಾನ ಇದ್ದರೆ ಓಡಿಸುವ ಹಾಗಿಲ್ಲ.

2006ರ ಜುಲೈ 1ರಂದು ಕಂಪನಿ ಪಾರ್ಕು ಬಹುತೇಕ ಪೂರ್ತಿ ನಷ್ಟ ಎಂದು ಹೇಳಿತು. ಬಹುತೇಕ ರೈಡುಗಳು ಹಾಳಾಗಿದ್ದವು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಉಳಿದುಕೊಂಡ ಒಂದು ದೊಡ್ಡ ರೈಡು. ಬ್ಯಾಟ್‌ಮ್ಯಾನ್ ಎಂಬ ಕೋಸ್ಟರ್. ಅದರಲ್ಲಿ ಜನ ಹಳಿಯ ಕೆಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಮೂಲತಃ ಜಪಾನಿನಲ್ಲಿದ್ದದ್ದು, 2003ರಲ್ಲಿ ಇಲ್ಲಿಗೆ ಬಂದಿತ್ತು. ಅದೇ ಗಾಳಿ, ಅದೇ ನೀರು, ಅದೇ ತಿಂಗಳು. ಆದರೆ ಜನ ಹತ್ತುವ ಅದರ ಸ್ಟೇಷನ್ ಎತ್ತರದ ಕಟ್ಟೆಯ ಮೇಲಿತ್ತು. ಕಂಬ ಮತ್ತು ಹಳಿಗೆ ತುಕ್ಕು ತಡೆಯುವ ರಕ್ಷಣೆಯೂ ಇತ್ತು. ಅದನ್ನು ಬಿಚ್ಚಿ, ದುರಸ್ತಿ ಮಾಡಿ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೋಗೆ ಸಾಗಿಸಿದರು. 2008ರಲ್ಲಿ ‘ಗೋಲಿಯಾತ್’ ಎಂಬ ಹೆಸರಿನಲ್ಲಿ ಅದು ಮತ್ತೆ ಓಡಿತು. ಕೆಲವು ಅಡಿ ಎತ್ತರ, ಒಂದಿಷ್ಟು ತುಕ್ಕುರಕ್ಷಣೆ, ವ್ಯತ್ಯಾಸ ಅಷ್ಟೇ. ವಿನ್ಯಾಸಕಾರ ನಕ್ಷೆಯಲ್ಲಿ ಎಳೆದ ಒಂದು ಗೆರೆ ಒಂದು ಯಂತ್ರದ ಆಯುಷ್ಯವನ್ನೇ ಬದಲಿಸಿತು.

ಹೊಸದಾಗಿ ಕಟ್ಟಬಹುದಿತ್ತು. ಕಟ್ಟಲಿಲ್ಲ. ಕಂಪನಿಗೆ ಗುತ್ತಿಗೆಯಿಂದ ಹೊರಬರುವುದೇ ಬೇಕಿತ್ತು, ನಗರಾಡಳಿತಕ್ಕೆ ಅದನ್ನು ಬಿಡುವುದು ಬೇಕಿರಲಿಲ್ಲ. 2009ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಜಾಗ ನಗರದ ಕೈಗೆ ಬಂತು. ಅಷ್ಟರಲ್ಲಿ ಬರುವ ಜನರೇ ಕಡಿಮೆಯಾಗಿದ್ದರು. 2000ದ ಜನಗಣತಿಯಲ್ಲಿ ಸುಮಾರು 4,85,000 ಜನರಿದ್ದ ಊರು 2010ರಲ್ಲಿ 3,44,000ಕ್ಕೆ ಇಳಿದಿತ್ತು. ಥೀಮ್ ಪಾರ್ಕು, ಔಟ್‌ಲೆಟ್ ಮಾಲ್ ಎಂದು ಯೋಜನೆಗಳು ಬಂದವು, ಹೋದವು. ಸಿನಿಮಾದವರು ಬಂದು ಶೂಟಿಂಗ್ ಮಾಡಿದರು. ಮೊಸಳೆ ಜಾತಿಯ ಆಲಿಗೇಟರುಗಳು, ಹಾವುಗಳು, ಕಾಡುಹಂದಿಗಳು ಸೇರಿಕೊಂಡವು.

ದೂರದಿಂದ ಬಂದ ಫೋಟೋಗ್ರಾಫರುಗಳಿಗೆ ಅದು ಸುಂದರ ಅವಶೇಷ. ಪಕ್ಕದಲ್ಲೇ ಬದುಕುವವರಿಗೆ ಹಾಗಲ್ಲ. ಈ ಭಾಗದಲ್ಲಿ ಹೆಚ್ಚಾಗಿ ಇರುವವರು ಕಪ್ಪು ಜನಾಂಗದ ಮಧ್ಯಮ ವರ್ಗದ ಕುಟುಂಬಗಳು. ನೆರೆಯ ನಂತರ ಇಲ್ಲಿಗೆ ಒಂದು ಪೂರ್ಣ ಆಸ್ಪತ್ರೆ ಮರಳಿ ಬಂದದ್ದೇ 2014ರಲ್ಲಿ. ಊರಿನ ಹೆಬ್ಬಾಗಿಲಿನಂಥ ಜಾಗದಲ್ಲಿ ಮುರಿದ ಪಾರ್ಕನ್ನು ಹತ್ತೊಂಬತ್ತು ವರ್ಷ ಹಾಗೇ ಬಿಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ತುಕ್ಕಿಗೆ ರಸಾಯನಶಾಸ್ತ್ರ ಕಾರಣ. ಈ ವಿಳಂಬಕ್ಕೆ ಮನುಷ್ಯರು ಕಾರಣ.

ಎಲ್ಲ ಕಡೆ ಹೀಗೇ ಆಗಬೇಕೆಂದಿಲ್ಲ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಯ ಸೀಸೈಡ್ ಹೈಟ್ಸ್‌ನಲ್ಲಿ ಸಮುದ್ರದ ಮೇಲೆ ಚಾಚಿದ್ದ ಕಟ್ಟೆಯನ್ನೇ ಮುರಿಯಿತು. ಅದರ ಮೇಲಿದ್ದ ‘ಸ್ಟಾರ್ ಜೆಟ್’ ಕೋಸ್ಟರ್ ಅಟ್ಲಾಂಟಿಕ್ ಸಮುದ್ರದೊಳಗೆ ಹೋಗಿ ನಿಂತಿತು. 2013ರ ಮೇ ತಿಂಗಳಲ್ಲಿ ಅದನ್ನು ಒಡೆದು ತೆಗೆದರು. 2017ರಲ್ಲಿ ‘ಹೈಡ್ರಸ್’ ಎಂಬ ಹೊಸ ಕೋಸ್ಟರ್ ಬಂತು. ಹಾನಿ ದೊಡ್ಡದೇ. ಆದರೆ ಅಲ್ಲಿ ಮತ್ತೆ ಕಟ್ಟುವ ಮಾಲೀಕರಿದ್ದರು, ಪ್ರತಿ ಬೇಸಿಗೆ ಬರುವ ಜನರಿದ್ದರು.

ನ್ಯೂ ಓರ್ಲಿಯನ್ಸ್‌ನ ಪಾರ್ಕನ್ನು ಒಡೆಯುವ ಕೆಲಸ 2024ರಲ್ಲಿ ಶುರುವಾಯಿತು. ಆ ಜಾಗವನ್ನು ಹೊಸದಾಗಿ ಅಭಿವೃದ್ಧಿ ಮಾಡಲು ‘ಬೇಯೂ ಫೀನಿಕ್ಸ್’ ಎಂಬ ತಂಡವನ್ನು ನಗರ 2021ರಲ್ಲೇ ಆರಿಸಿತ್ತು. ಈ ನಡುವೆ ನಗರದ ರಕ್ಷಣೆಯೂ ಬದಲಾಗಿದೆ. ಕತ್ರಿನಾ ನಂತರ ಸುಮಾರು 1,450 ಕೋಟಿ ಡಾಲರ್ ಖರ್ಚು ಮಾಡಿ ಏರಿ, ಗೋಡೆ, ಗೇಟುಗಳನ್ನು ಕಟ್ಟಿದ್ದಾರೆ. ಬೋರ್ನ್ ಸರೋವರದ ಬಳಿಯ ತಡೆಗೋಡೆಯೊಂದೇ 1.8 ಮೈಲಿ ಉದ್ದ. ಆದರೆ ಮೆತ್ತನೆಯ ನೆಲ ಏರಿಗಳನ್ನೂ ಇಳಿಸುತ್ತಿದೆ, ಸಮುದ್ರ ಏರುತ್ತಿದೆ. ಇವುಗಳನ್ನು ಮತ್ತೆ ಎತ್ತರಿಸಬೇಕಾಗುತ್ತದೆ ಎಂದು ಕಟ್ಟಿದ ಸೇನಾ ಇಂಜಿನಿಯರುಗಳೇ 2019ರಲ್ಲಿ ಹೇಳಿದರು. ಹಾಗಾಗಿ ಹೊಸ ಯೋಜನೆಯ ಬಣ್ಣಬಣ್ಣದ ಚಿತ್ರಗಳಿಗಿಂತ ನನಗೆ ನೋಡಬೇಕಾದದ್ದು ಅದರ ಅಡ್ಡಸೀಳು ನಕ್ಷೆ. ಮೋಟರು, ಪ್ಯಾನೆಲ್ಲುಗಳನ್ನು ನೆಲದಿಂದ ಎಷ್ಟು ಅಡಿ ಮೇಲೆ ಇಡುತ್ತಾರೆ, ಒಳಗೆ ಬಂದ ನೀರು ಕರೆಂಟಿಲ್ಲದೆಯೂ ಹೊರಗೆ ಹೋಗಲು ಎಲ್ಲಿ ದಾರಿ ಬಿಡುತ್ತಾರೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.