ಹಣ ಕೈಸೇರುವ ಮೊದಲೇ ಬಡ್ಡಿ ಶುರುವಾದರೆ?

ಪ್ರಶ್ನೆ: ನಮ್ಮದು ನಲವತ್ತು ಲಕ್ಷದ ಗೃಹಸಾಲ. ಬ್ಯಾಂಕು ಚೆಕ್ ಬರೆದದ್ದು 3ನೇ ತಾರೀಖು. ನೋಂದಣಿ ಮುಗಿದು ಅದು ಮಾರಾಟಗಾರರ ಕೈಸೇರಿದ್ದು 15ಕ್ಕೆ. ಬಡ್ಡಿ ಮಾತ್ರ 3ರಿಂದಲೇ ಹಾಕಿದ್ದಾರೆ. ಇದನ್ನು ಕೇಳುವವರಿಲ್ಲವೇ?

ಇದ್ದಾರೆ, ಕೇಳಿಯೂ ಇದ್ದಾರೆ. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲಿ ನಿಮ್ಮ ದೂರು ಹೆಚ್ಚುಕಡಿಮೆ ಇದೇ ರೂಪದಲ್ಲಿದೆ. ತಪಾಸಣೆಗೆ ಹೋದ ಅದರ ಅಧಿಕಾರಿಗಳಿಗೆ ಕೆಲವು ಸಂಸ್ಥೆಗಳು ಸಾಲ ಮಂಜೂರಾದ ದಿನದಿಂದಲೋ ಕರಾರಿಗೆ ಸಹಿ ಬಿದ್ದ ದಿನದಿಂದಲೋ ಬಡ್ಡಿ ಲೆಕ್ಕ ಹಾಕುತ್ತಿದ್ದುದು ಕಂಡುಬಂತು. ಚೆಕ್ಕನ್ನು ಹಲವು ದಿನ ತಮ್ಮಲ್ಲೇ ಇಟ್ಟುಕೊಂಡು, ಅದರ ಮೇಲಿನ ತಾರೀಖಿನಿಂದ ಬಡ್ಡಿ ಎಣಿಸಿದವರೂ ಸಿಕ್ಕಿಬಿದ್ದರು. ತಿಂಗಳ ನಡುವೆ ಸಾಲ ಕೊಟ್ಟು ಇಡೀ ತಿಂಗಳ ಬಡ್ಡಿ ಕಿತ್ತುಕೊಂಡದ್ದು, ಕಂತನ್ನು ಮುಂಗಡವಾಗಿ ಪಡೆದೂ ಪೂರ್ತಿ ಸಾಲದ ಮೇಲೆ ಬಡ್ಡಿ ಹಾಕಿದ್ದು ಬೇರೆ.

ಸಣ್ಣ ಮೊತ್ತವೆಂದು ಬಿಡಬೇಡಿ. ಶೇ. 8.5ರ ದರದಲ್ಲಿ ನಲವತ್ತು ಲಕ್ಷಕ್ಕೆ ದಿನವೊಂದಕ್ಕೆ ಸುಮಾರು 930 ರೂಪಾಯಿ ಬಡ್ಡಿ. ಹನ್ನೆರಡು ದಿನಕ್ಕೆ ಹನ್ನೊಂದು ಸಾವಿರ ದಾಟಿತು. ಆ ದಿನಗಳಲ್ಲಿ ಹಣ ಇದ್ದದ್ದು ಬ್ಯಾಂಕಿನಲ್ಲಿಯೇ!

ಹೀಗೆ ಹೆಚ್ಚಾಗಿ ಪಡೆದ ಬಡ್ಡಿಯನ್ನು ಹಿಂದಿರುಗಿಸುವಂತೆ ತಪಾಸಣೆಯಲ್ಲೇ ಸೂಚಿಸಲಾಯಿತು. ಎಲ್ಲ ಬ್ಯಾಂಕುಗಳೂ ಗೃಹಹಣಕಾಸು ಕಂಪನಿಗಳೂ ತಮ್ಮ ಪದ್ಧತಿಯನ್ನು ಪರಿಶೀಲಿಸಿ ತಿದ್ದಿಕೊಳ್ಳಬೇಕೆಂದು ಸುತ್ತೋಲೆ ಹೇಳಿತು. ಚೆಕ್ಕಿನ ಬದಲು ನೇರವಾಗಿ ಖಾತೆಗೇ ಹಣ ಹಾಕುವಂತೆ ಕೆಲವು ಸಂಸ್ಥೆಗಳನ್ನು ಪ್ರೋತ್ಸಾಹಿಸಲಾಗಿತ್ತು.

ನನ್ನ ತಕರಾರು ಇರುವುದು ಮುಂದಿನ ಮಾತಿಗೆ. ಸುತ್ತೋಲೆಯಲ್ಲಿ ತಪ್ಪಿತಸ್ಥರ ಹೆಸರಿಲ್ಲ, ಎಷ್ಟು ಹಣ ವಾಪಸಾಯಿತೆಂಬ ಲೆಕ್ಕವೂ ಇಲ್ಲ. ಐರ್ಲೆಂಡಿನಲ್ಲಿ ಹೀಗಾಗಲಿಲ್ಲ. ಯುರೋಪಿನ ಕೇಂದ್ರ ಬ್ಯಾಂಕಿನ ದರಕ್ಕೆ ಜೋಡಿಸಿದ ಅಗ್ಗದ ಗೃಹಸಾಲವನ್ನು ಅರ್ಹರಿಗೆ ತಪ್ಪಿಸಿ ಹೆಚ್ಚು ಬಡ್ಡಿ ಎಳೆದ ಪ್ರಕರಣ ಅಲ್ಲಿ 40,000ಕ್ಕೂ ಹೆಚ್ಚು ಗ್ರಾಹಕರನ್ನು ತಟ್ಟಿತ್ತು. ಅಲ್ಲಿನ ಕೇಂದ್ರ ಬ್ಯಾಂಕು ಪರಿಹಾರ ಕೊಡಿಸಿದ್ದಲ್ಲದೆ ಒಂದೊಂದು ಬ್ಯಾಂಕಿಗೂ ಹೆಸರು ಹಿಡಿದು ದಂಡ ಹಾಕಿತು. 2022ರಲ್ಲಿ ಬ್ಯಾಂಕ್ ಆಫ್ ಐರ್ಲೆಂಡ್ ತೆತ್ತದ್ದು ಹತ್ತು ಕೋಟಿ ಯೂರೋಗೂ ಹೆಚ್ಚು. ಹೆಸರು ಬಯಲಾಗದ ಕಡೆ ಹುಡುಕುವ ಕೆಲಸ ಸಾಲಗಾರನ ತಲೆಗೇ ಬರುತ್ತದೆ.

ಹಾಗಾಗಿ ಸಾಲ ಖಾತೆಯ ಮೊದಲ ತಿಂಗಳ ವಿವರಪಟ್ಟಿ ತರಿಸಿಕೊಳ್ಳಿ. ಕ್ರಯಪತ್ರದಲ್ಲಿ ಚೆಕ್ಕಿನ ಸಂಖ್ಯೆ, ತಾರೀಖು ನಮೂದಾಗಿರುತ್ತದೆ; ನೋಂದಣಿಯ ದಿನವೂ ಅದರಲ್ಲೇ ಇರುತ್ತದೆ. ಚೆಕ್ ಇಂಥ ದಿನ ಕೈಸೇರಿತೆಂದು ಮಾರಾಟಗಾರರು ಬರೆದುಕೊಟ್ಟ ರಸೀದಿ ಸಿಕ್ಕರೆ ಇನ್ನೂ ಗಟ್ಟಿ. ಇವನ್ನಿಟ್ಟು, ಸುತ್ತೋಲೆಯ ದಿನಾಂಕ ಉಲ್ಲೇಖಿಸಿ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಾಲ ಕೊಟ್ಟದ್ದು ಗೃಹಹಣಕಾಸು ಕಂಪನಿಯಾಗಿದ್ದರೆ ದೂರು ರಾಷ್ಟ್ರೀಯ ವಸತಿ ಬ್ಯಾಂಕಿಗೆ.