ಮೊದಲ ಮಹಾಯುದ್ಧದ ಪೈಲಟ್‌ಗಳು ತರಬೇತಿಯಲ್ಲೇ ಯಾಕೆ ಸಾಯುತ್ತಿದ್ದರು?

"ಶತ್ರು ಹೊಡೆದು ಸತ್ತರೆ ಅರ್ಥ ಆಗುತ್ತೆ, ಕಲಿಯೋವಾಗಲೇ ಯಾಕೆ ಅಷ್ಟು ಜನ ಸಾಯ್ತಿದ್ರು?" ಆ ಕಾಲದ ಯುದ್ಧವಿಮಾನಗಳ ಮಾತು ಬಂದಾಗೆಲ್ಲ ಯಾರಾದರೂ ಇದನ್ನು ಕೇಳೇ ಕೇಳುತ್ತಾರೆ.

ಮರ, ಬಟ್ಟೆ, ತಂತಿಯಲ್ಲಿ ಕಟ್ಟಿದ ವಿಮಾನ, ಬೀಳದೆ ಇರುತ್ತಾ ಅಂತ ಹೇಳಿ ಮುಗಿಸಬಹುದು. ಅದು ಅರ್ಧ ಸರಿ. 1908ರ ಸೆಪ್ಟೆಂಬರ್ 17ರಂದು ಅಮೆರಿಕದ ಫೋರ್ಟ್ ಮಯರ್‌ನಲ್ಲಿ ಆರ್ವಿಲ್ ರೈಟ್ ಸೈನ್ಯದವರ ಮುಂದೆ ತಮ್ಮ ವಿಮಾನ ಹಾರಿಸಿ ತೋರಿಸುತ್ತಿದ್ದಾಗ ಪ್ರೊಪೆಲರ್ ಸೀಳಿ ವಿಮಾನ ಬಿತ್ತು. ಪಕ್ಕದಲ್ಲಿ ಕೂತಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಡ್ಜ್ ತಲೆಗೆ ಪೆಟ್ಟಾಗಿ ತೀರಿಕೊಂಡರು. ಆಮೇಲಿನ ಕೆಲವು ವಿಮಾನಗಳಲ್ಲಿ ಎಂಜಿನ್ ಪೈಲಟ್‌ನ ಬೆನ್ನ ಹಿಂದೆ ಇರುತ್ತಿತ್ತು, ಮೂಗು ಕೆಳಗಾಗಿ ಬಿದ್ದರೆ ಅಷ್ಟೂ ಭಾರ ಅವನ ಮೇಲೆಯೇ. 1914ರಲ್ಲಿ ಅಮೆರಿಕದ ಸೈನ್ಯ ಅಂಥವು ಬೇಡವೇ ಬೇಡ ಅಂದಿತು.

ನನ್ನ ಪ್ರಕಾರ ಇನ್ನರ್ಧವೇ ದೊಡ್ಡದು. ಯಾವುದು ಕೊಲ್ಲುತ್ತದೋ ಅದನ್ನೇ ಹುಡುಗರಿಗೆ ಕಲಿಸುತ್ತಿರಲಿಲ್ಲ.

ಸ್ಪಿನ್ ತಗೊಳ್ಳಿ. ವೇಗ ತೀರಾ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದನ್ನು ಬಿಟ್ಟುಬಿಡುತ್ತದೆ, ಒಂದು ರೆಕ್ಕೆ ಮೊದಲು ವಾಲುತ್ತದೆ, ವಿಮಾನ ಬುಗುರಿ ಥರ ಗಿರಗಿರ ತಿರುಗುತ್ತಾ ಕೆಳಗಿಳಿಯುತ್ತದೆ. ನೆಲ ಎದುರಿಗೆ ಬರುತ್ತಿದ್ದರೆ ಯಾರಾದರೂ ಏನು ಮಾಡುತ್ತಾರೆ? ಮೂಗು ಮೇಲೇಳಲಿ ಅಂತ ಸ್ಟಿಕ್ಕನ್ನು (ಕೈಯಲ್ಲಿ ಹಿಡಿಯುವ ಕಂಟ್ರೋಲ್ ಕೋಲು) ಹಿಂದಕ್ಕೆ ಎಳೆಯುತ್ತಾರೆ, ಅಲ್ವಾ? ಎಳೆದರೆ ಸ್ಪಿನ್ ಬಿಡುವುದೇ ಇಲ್ಲ. ತಿರುಗುತ್ತಿರುವ ದಿಕ್ಕಿಗೆ ಎದುರಾಗಿ ರಡ್ಡರ್ (ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ, ಬಾಲದಲ್ಲಿರುವ ಹಲಗೆ) ಕಾಲಲ್ಲಿ ಒತ್ತಿ, ಸ್ಟಿಕ್ಕನ್ನು ಮುಂದಕ್ಕೆ ತಳ್ಳಬೇಕು. ಅಂದರೆ ನೆಲದ ಕಡೆಗೇ! 1912ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಪಾರ್ಕ್ ಹೀಗೆ ಸಿಕ್ಕಿಕೊಂಡು, ಎಳೆದು ನೋಡಿ ಆಗದೆ, ಕೊನೆಗೆ ಎದುರು ರಡ್ಡರ್ ಒತ್ತಿ ನೆಲಕ್ಕೆ ಸುಮಾರು 50 ಅಡಿ ಇರುವಾಗ ಪಾರಾದರು. ಉಪಾಯ ಅಂದೇ ಗೊತ್ತಾಯಿತು ಅನ್ನಿ. ಆದರೂ ವರ್ಷಗಟ್ಟಲೆ ಕಲಿಯುವವರಲ್ಲಿ ಹೆಚ್ಚಿನವರಿಗೆ ಸಿಗುತ್ತಿದ್ದ ಪಾಠ ಒಂದೇ: ಸ್ಪಿನ್‌ಗೆ ಹೋಗಬೇಡ.

ಹೋಗದೆ ಇರುವುದು ಸುಲಭವೇ? ಈಗ ತಾನೇ ಮೇಲೆದ್ದಿದ್ದೀರಿ, ಎಂಜಿನ್ ನಿಂತಿತು (ಆಗ ಆಗಾಗ ನಿಲ್ಲುತ್ತಿತ್ತು), ಹೊರಟ ಮೈದಾನ ಹಿಂದೆಯೇ ಇದೆ. ವಾಪಸ್ ತಿರುಗಿಸಲು ಮನಸ್ಸಾಗುತ್ತದೆ. ತಿರುಗಿಸಿದಿರೋ, ಇದ್ದ ಚೂರು ವೇಗವೂ ಹೋಗಿ ಸ್ಪಿನ್, ಕೆಳಗೆ ಸರಿಪಡಿಸಿಕೊಳ್ಳುವಷ್ಟು ಎತ್ತರವೂ ಇಲ್ಲ. ಎದುರಿಗೆ ಬೇಲಿ ಇರಲಿ, ಗದ್ದೆ ಇರಲಿ, ನೇರ ಇಳಿಸಬೇಕಿತ್ತು. ಸಾಪ್‌ವಿತ್ ಕ್ಯಾಮೆಲ್ ಅನ್ನುವ ಬ್ರಿಟಿಷ್ ಯುದ್ಧವಿಮಾನ ಅಂತೂ ಇನ್ನೂ ತುಂಟ. ಅದರ ಎಂಜಿನ್ನೇ ಪ್ರೊಪೆಲರ್ ಜೊತೆ ಸುತ್ತುತ್ತಿದ್ದರಿಂದ ಬಲಕ್ಕೆ ತಿರುಗಿದರೆ ಮೂಗು ಕೆಳಗೆ, ಎಡಕ್ಕೆ ತಿರುಗಿದರೆ ಮೇಲೆ. ಸೀಟು ಬೇರೆ ಒಂದೇ, ಇನ್‌ಸ್ಟ್ರಕ್ಟರ್ ಜೊತೆಗೆ ಕೂರುವ ಹಾಗಿಲ್ಲ.

ಇನ್‌ಸ್ಟ್ರಕ್ಟರ್‌ಗಳಾದರೂ ಯಾರು? ಎಷ್ಟೋ ಜನ ಯುದ್ಧದಲ್ಲಿ ಸುಸ್ತಾಗಿ, ವಿಶ್ರಾಂತಿಗೆ ಅಂತ ವಾಪಸ್ ಬಂದವರು. ಕಲಿಸುವುದು ಹೇಗೆ ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ.

ಇದನ್ನು ಬದಲಾಯಿಸಿದವರು ಬ್ರಿಟಿಷ್ ಪೈಲಟ್ ರಾಬರ್ಟ್ ಸ್ಮಿತ್-ಬ್ಯಾರಿ. 1914ರ ಆಗಸ್ಟ್‌ನಲ್ಲಿ ಅವರದೇ ವಿಮಾನ ಬಿದ್ದು ಕಾಲು ಮುರಿದಿತ್ತು, ಜೊತೆಗಿದ್ದವರು ಸತ್ತಿದ್ದರು. 1916ರಲ್ಲಿ ಒಂದು ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ನಡೆಸುವಾಗ, ನೆಟ್ಟಗೆ ಹಾರಿಸಲು ಬಾರದ ಹುಡುಗರು ಬಂದು ಸಾಯುವುದನ್ನು ನೋಡಿ ರೋಸಿಹೋದರು. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ಎರಡು ಸೀಟಿನ ಅವ್ರೋ 504 ವಿಮಾನಗಳನ್ನಿಟ್ಟುಕೊಂಡು, ಗುರು ಶಿಷ್ಯ ಇಬ್ಬರಿಗೂ ಸ್ಟಿಕ್ ಕೊಟ್ಟು, ಎಂಜಿನ್ ಗದ್ದಲದಲ್ಲೂ ಮಾತು ಕೇಳಲು ಬಾಯಿಂದ ಕಿವಿಗೆ ರಬ್ಬರ್ ಕೊಳವೆ ಹಾಕಿ, ಬೇಕಂತಲೇ ಸ್ಪಿನ್‌ಗೆ ಹಾಕಿ ಹೊರಗೆ ಬರುವುದನ್ನು ಕಲಿಸಿದರು.

ಹಾಗಂತ ಸಾವು ನಿಲ್ಲಲಿಲ್ಲ. ಹೆಸರಾಂತ ಡಾನ್ಸರ್ ವರ್ನನ್ ಕಾಸಲ್ ಫ್ರಾನ್ಸ್‌ನಲ್ಲಿ ಯುದ್ಧ ಮುಗಿಸಿ ಬಂದು ಇನ್‌ಸ್ಟ್ರಕ್ಟರ್ ಆಗಿದ್ದರು. ಒಂದು ಅಪಘಾತದಲ್ಲಿ ಮುಂದಿನ ಸೀಟಿನಲ್ಲಿದ್ದ ಶಿಷ್ಯ ಸತ್ತ ಮೇಲೆ, ಆ ಅಪಾಯದ ಸೀಟಿನಲ್ಲಿ ತಾವೇ ಕೂರಲು ಶುರು ಮಾಡಿದರು. 1918ರ ಫೆಬ್ರವರಿ 15ರಂದು ಟೆಕ್ಸಾಸ್‌ನಲ್ಲಿ, ಇನ್ನೊಂದು ವಿಮಾನಕ್ಕೆ ಡಿಕ್ಕಿ ತಪ್ಪಿಸಲು ತಟ್ಟನೆ ಮೇಲೆತ್ತಿದರು, ವೇಗ ಸತ್ತಿತು, ಎತ್ತರ ಸಾಲಲಿಲ್ಲ. ಹಿಂದೆ ಕೂತಿದ್ದ ಶಿಷ್ಯ ಬದುಕಿದ.